ಅಪ್‌ಡೇಟ್: ಮನೆ ಮಾರಿದವರು ಬಿಚ್ಚಿಕೊಂಡು ಹೋದ ಗೀಸರ್, ವಾರ್ಡ್‌ರೋಬ್

ಮನೆ ಮಾರಿದವರು ಬೀಗದ ಕೈ ಕೊಡುವ ಮೊದಲು ಗೀಸರ್, ಚಿಮಣಿ, ಗೋಡೆಯ ವಾರ್ಡ್‌ರೋಬ್ ಬಿಚ್ಚಿಕೊಂಡು ಹೋಗಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ವಕೀಲರಿಗೆ ಕರಾರು ತೋರಿಸಿದೆ. ಕಿತ್ತರೆ ಗೋಡೆ ಹಾಳಾಗುವಂಥದ್ದು ಸಾಮಾನ್ಯವಾಗಿ ಮನೆಯ ಜೊತೆಗೇ ಬರುತ್ತದೆ, ಸುಮ್ನೆ ತೂಗುಹಾಕಿದ್ದು ಮಾರುವವರದ್ದು. ಆದರೆ ಕರಾರಿನಲ್ಲಿ ಬರೆದಿದ್ದರೆ ಅದೇ ಮೇಲು ಅಂದರು. ನಮ್ಮ ಕರಾರಿನ ಪಟ್ಟಿಯಲ್ಲಿ ಗೀಸರ್, ವಾರ್ಡ್‌ರೋಬ್ ಇದ್ದವು. ಚಿಮಣಿ ಇರಲಿಲ್ಲ.

ಜಾಹೀರಾತಿನ ಫೋಟೊ, ಈಗಿನ ಫೋಟೊ ಪಕ್ಕಪಕ್ಕ ಇಟ್ಟು ನೋಟಿಸ್ ಕಳಿಸಿದೆವು. ಸ್ಕ್ರೂ ಕಿತ್ತ ತೂತು, ಒಡೆದ ಟೈಲ್ಸ್ ಎಲ್ಲ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಗೀಸರ್ ವಾಪಸ್ ಬಂತು. ವಾರ್ಡ್‌ರೋಬ್‌ಗೆ, ಗೋಡೆ ರಿಪೇರಿಗೆ ದುಡ್ಡು ಕೊಟ್ಟರು. ಸ್ವಿಚ್ ಬೋರ್ಡಿನ ಮುಚ್ಚಳವನ್ನೂ ಬಿಡದೆ ಒಯ್ದಿದ್ದು ಮಾತ್ರ ಇವತ್ತಿಗೂ ಬೇಜಾರು. ಚಿಮಣಿಗಾಗಿ ಕೋರ್ಟಿಗೆ ಹೋಗುವುದು ಬೇಡ ಅನ್ನಿಸಿತು, ಹೊಸದು ಹಾಕಿಸುತ್ತಿದ್ದೇವೆ.