ಸಿಮ್ಯುಲೇಶನ್‌ನಲ್ಲಿ ಲೈಕ್ ಬರುತ್ತಿದೆ, ಬ್ಯಾಗ್ ಮಾತ್ರ ಮಾರಾಟ ಆಗುತ್ತಿಲ್ಲ

ಎಂಬಿಎ_ತುಮಕೂರು:
ತುಮಕೂರಲ್ಲಿ ಎಂಬಿಎ ಮಾಡುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ಸೋಶಿಯಲ್ ಮೀಡಿಯಾ ಮಾರ್ಕೆಟಿಂಗ್‌ಗೆ ಒಂದು ಸಿಮ್ಯುಲೇಶನ್ ಕೊಟ್ಟಿದ್ದಾರೆ. ಬ್ಯಾಗ್ ಮಾರುವ ಕಾಲ್ಪನಿಕ ಕಂಪನಿ, ಪ್ರತಿ ರೌಂಡ್‌ಗೂ ಇಷ್ಟು ಅಂತ ಬಜೆಟ್. ಯಾವ ಪ್ಲಾಟ್‌ಫಾರ್ಮ್, ಯಾರಿಗೆ ತೋರಿಸಬೇಕು, ಎಷ್ಟು ಹೊತ್ತಿಗೆ ಪೋಸ್ಟ್ ಹಾಕಬೇಕು, ಯಾವ ಇನ್‌ಫ್ಲುಯೆನ್ಸರ್‌ಗೆ ದುಡ್ಡು ಕೊಡಬೇಕು, ಎಲ್ಲಾ ನಾವೇ ಆರಿಸಿ ಸಬ್ಮಿಟ್ ಒತ್ತಿದರೆ ಒಂದು ವಾರದ ರಿಸಲ್ಟ್ ಒಂದೇ ಸಲಕ್ಕೆ ಬರುತ್ತದೆ.

ಕಳೆದ ರೌಂಡ್‌ನಲ್ಲಿ ನಮ್ಮ ಟೀಮ್‌ಗೆ ಬಂದಿದ್ದು: ಇಂಪ್ರೆಶನ್ (ಜಾಹೀರಾತು ಎಷ್ಟು ಸಲ ಕಾಣಿಸಿತು ಅನ್ನೋದು) 40,000, ಕ್ಲಿಕ್ 800, ಖರ್ಚು 400 ಡಾಲರ್, ಮಾರಾಟ ಬರೀ 8. ಒಂದು ಬ್ಯಾಗಿಗೆ 60 ಡಾಲರ್. ಲೈಕ್‌ನಲ್ಲಿ ಕ್ಲಾಸಿಗೇ ಫಸ್ಟ್, ಲೀಡರ್‌ಬೋರ್ಡ್‌ನಲ್ಲಿ ಕೆಳಗಿಂದ ಎರಡನೇ ಜಾಗ. ಇರೋ ದುಡ್ಡೆಲ್ಲಾ ದೊಡ್ಡ ಇನ್‌ಫ್ಲುಯೆನ್ಸರ್‌ಗೆ ಸುರಿಯೋಣ ಅಂತ ಟೀಮ್‌ನವರು ಹೇಳುತ್ತಿದ್ದಾರೆ. ಸರಿನಾ?

ಇನ್ನೊಂದು. ನಮ್ಮದು ತಿಪಟೂರು ಕಡೆ, ಮನೆಯಲ್ಲಿ ಕೊಬ್ಬರಿ ವ್ಯಾಪಾರ. "ಇದರಿಂದ ಒಂದು ಕಾಯಿ ಮಾರೋಕಾಗುತ್ತಾ" ಅಂತ ಅಪ್ಪ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಆಡ್ಸ್_ಕೆಲಸಗಾರ:
ಸುರಿಯಬೇಡಿ. ಮೊದಲು ಲೆಕ್ಕ ನೋಡಿ. 40,000ಕ್ಕೆ 800 ಕ್ಲಿಕ್ ಅಂದರೆ ಸಿಟಿಆರ್ (ಕಾಣಿಸಿದ್ದರಲ್ಲಿ ಕ್ಲಿಕ್ ಆದ ಪಾಲು) 2%, ಅದೇನೂ ಕಡಿಮೆ ಅಲ್ಲ. ಒಂದು ಕ್ಲಿಕ್‌ಗೆ ಅರ್ಧ ಡಾಲರ್, ಅದೂ ಪರವಾಗಿಲ್ಲ. ತೊಂದರೆ ಇರೋದು ಕ್ಲಿಕ್ ಆದ ಮೇಲೆ: ನೂರು ಜನ ಬಂದರೆ ಒಬ್ಬರು ಕೊಳ್ಳುತ್ತಿದ್ದಾರೆ, ಅಂದರೆ 60 ಡಾಲರ್ ಬ್ಯಾಗ್ ಮಾರೋಕೆ ಜಾಹೀರಾತಿಗೇ 50 ಹೋಯಿತು. ಇನ್‌ಫ್ಲುಯೆನ್ಸರ್ ಇನ್ನಷ್ಟು ಜನರನ್ನು ಬಾಗಿಲವರೆಗೆ ಕರೆದು ತರುತ್ತಾರೆ ಅಷ್ಟೇ. ಬಂದವರು ಯಾಕೆ ವಾಪಸ್ ಹೋಗುತ್ತಾರೆ ಅನ್ನೋದು ಹಾಗೇ ಉಳಿಯುತ್ತದೆ.

ರಿಪೋರ್ಟ್‌ನಲ್ಲಿ ಆಡಿಯೆನ್ಸ್ ಬೇರೆ ಬೇರೆ ಮಾಡಿ ನೋಡಿ, ಆ 8 ಜನ ಯಾರು ಅಂತ ಹುಡುಕಿ. ಮುಂದಿನ ರೌಂಡ್‌ನಲ್ಲಿ ಒಂದೇ ಒಂದು ವಿಷಯ ಬದಲಾಯಿಸಿ, ಫೋಟೊ ಅಥವಾ ಆಡಿಯೆನ್ಸ್, ಎರಡೂ ಒಟ್ಟಿಗೆ ಬೇಡ. ಎಲ್ಲಾ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗಲ್ಲ. ನಿಜವಾದ ಕ್ಲೈಂಟ್ ಇಷ್ಟು ಆಟ ಆಡೋಕೆ ಬಿಡಲ್ಲ, ಇಲ್ಲೇ ಆಡಿಬಿಡಿ.

ಶ್ರೀನಿವಾಸಪುರ_ಮಾವು:
ಲೆಕ್ಕ ಎಲ್ಲಾ ಚೆನ್ನಾಗಿದೆ, ಆದರೆ ಸಿಮ್ಯುಲೇಶನ್‌ನಲ್ಲಿ ಗಿರಾಕಿ ಮಾತಾಡಲ್ಲ ಅಲ್ವಾ. ನಾನು ಮಾವು ಮಾರೋನು, ಸೀಸನ್‌ನಲ್ಲಿ ಇನ್‌ಸ್ಟಾಗ್ರಾಮ್‌ನಲ್ಲಿ ಬೆಂಗಳೂರಿಗೆ ಮಾತ್ರ ಕಾಣುವ ಹಾಗೆ ದುಡ್ಡು ಕೊಟ್ಟು ಪೋಸ್ಟ್ ಬೂಸ್ಟ್ ಮಾಡುತ್ತೇನೆ. ಕೆಳಗೆ ಬರುವ ಕಮೆಂಟ್ ಎರಡೇ: "ರೇಟ್ ಎಷ್ಟು", "ಕಾರ್ಬೈಡ್ ಹಾಕಿದ್ದೀರಾ". ಕಾರ್ಬೈಡ್‌ನಲ್ಲಿ ಹಣ್ಣು ಮಾಡೋದಕ್ಕೆ ನಿಷೇಧ ಇದೆ, ಆದರೂ ಜನಕ್ಕೆ ಭಯ ಹೋಗಿಲ್ಲ. ಆಗ ಹುಲ್ಲಿನ ಮೇಲೆ ಹಣ್ಣಿಗಿಟ್ಟ ಬಾದಾಮಿ ಮಾವಿನ ಫೋಟೊ, ಒಂದು ಹಣ್ಣು ಕೊಯ್ದು ಒಳಗಿನ ಬಣ್ಣ ಕಾಣುವ ಹಾಗೆ, ವಾಟ್ಸಾಪ್‌ಗೆ ತಕ್ಷಣ ಕಳಿಸಬೇಕು. ನಾಳೆ ಕಳಿಸಿದರೆ ಅವರು ಆಗಲೇ ಬೇರೆ ಕಡೆ ತಗೊಂಡು ತಿಂದಿರುತ್ತಾರೆ. ಮೇಲೆ ಜಾಹೀರಾತಿನ ಬಿಲ್‌ಗೆ 18% ಜಿಎಸ್‌ಟಿ ಬೇರೆ. ನಿಮ್ಮ ಆಟದಲ್ಲಿ ಅದು ಇದೆಯಾ? ಸ್ವಂತ ದುಡ್ಡು ಹಾಕಿದರೇ ಇದೆಲ್ಲಾ ಗೊತ್ತಾಗೋದು.

ಅಪ್ಪನಿಗೆ ಹೇಳಿ, ಒಂದೊಂದೇ ಕಾಯಿ ಮಾರೋದು ಕಷ್ಟ. ಉಂಡೆ ಕೊಬ್ಬರಿ ಪ್ಯಾಕ್ ಮಾಡಿ, ಹಬ್ಬದ ಮುಂಚೆ ಆಗಬಹುದು.

ಕೋಲಾರ_ಲೆಕ್ಚರರ್:
ಮಾವಿನವರು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಗಿರಾಕಿ ಜೊತೆ ಮಾತಾಡೋದನ್ನು ಯಾವ ಸಾಫ್ಟ್‌ವೇರೂ ಕಲಿಸಲ್ಲ. ಆದರೆ ಸ್ವಂತ ದುಡ್ಡು ಹಾಕಿ ಕಲಿಯಿರಿ ಅಂತ ವಿದ್ಯಾರ್ಥಿಗೆ ಹೇಳೋದು ಸುಲಭ, ಕಳೆಯೋದು ಅವರ ಮನೆ ದುಡ್ಡು.

ನನ್ನ ಕ್ಲಾಸಿನಲ್ಲಿ ಒಂದು ನಿಯಮ ಇದೆ. ಸಬ್ಮಿಟ್ ಒತ್ತುವ ಮುಂಚೆ ಎಷ್ಟು ಕ್ಲಿಕ್, ಎಷ್ಟು ಮಾರಾಟ ಬರಬಹುದು, ಯಾಕೆ, ಅಂತ ಬರೆದಿಡಬೇಕು. ಬರೆದಿಡದೆ ಹೋದರೆ ರಿಸಲ್ಟ್ ಬಂದ ಮೇಲೆ "ನಮಗೆ ಮೊದಲೇ ಗೊತ್ತಿತ್ತು" ಅನ್ನುತ್ತಾರೆ, ಯಾವ ಬ್ಯಾಚ್ ಆದರೂ ಅಷ್ಟೇ.

ಇಂಥವು ಹೆಚ್ಚಾಗಿ ಅಮೆರಿಕದಲ್ಲಿ ಮಾಡಿದ ಸಾಫ್ಟ್‌ವೇರ್. ಟಿಕ್‌ಟಾಕ್ ಇದ್ದರೆ ಆಟಕ್ಕೆ ಮಾತ್ರ ಬಳಸಿ, ಇಲ್ಲಿ 2020ರ ಜೂನ್‌ನಿಂದ ಅದು ಬಂದ್. ಇನ್‌ಫ್ಲುಯೆನ್ಸರ್‌ಗೆ ದುಡ್ಡು ಕೊಟ್ಟರೆ ಇದು ಜಾಹೀರಾತು ಅಂತ ಪೋಸ್ಟ್‌ನಲ್ಲೇ ಹೇಳಬೇಕು, ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐ 2021ರಲ್ಲೇ ನಿಯಮ ತಂದಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತು ಹಾಕುವ ನಿಜವಾದ ಆಡ್ಸ್ ಮ್ಯಾನೇಜರ್ ಕಲಿಯಬೇಕು ಅಂದರೆ ಆ ಕಂಪನಿಯದೇ ಕಲಿಕಾ ತಾಣ ಮೆಟಾ ಬ್ಲೂಪ್ರಿಂಟ್‌ನಲ್ಲಿ ಪುಕ್ಕಟೆ ಪಾಠ ಇವೆ, ಜೊತೆಜೊತೆಗೇ ನೋಡಿ.

ಎಂಬಿಎ_ತುಮಕೂರು:
ನೋಡಿದೆ! 800ರಲ್ಲಿ 600 ಕ್ಲಿಕ್ ಕಾಲೇಜು ಹುಡುಗರದು, ಕೊಂಡಿದ್ದು ಇಬ್ಬರು. ಕೆಲಸಕ್ಕೆ ಹೋಗುವವರು 200 ಕ್ಲಿಕ್, 6 ಬ್ಯಾಗ್. ಅಂದರೆ ಹುಡುಗರ ಕಡೆ ಒಂದು ಬ್ಯಾಗಿಗೆ 150 ಡಾಲರ್ ಖರ್ಚು, ಈ ಕಡೆ 17 ಕೂಡ ಇಲ್ಲ. ಲೈಕ್ ಎಲ್ಲಾ ನಮ್ಮಂಥವರದೇ. ಪೋಸ್ಟ್ ಹಾಗೇ ಇಟ್ಟು ಆಡಿಯೆನ್ಸ್ ಮಾತ್ರ ಬದಲಾಯಿಸುತ್ತಿದ್ದೇವೆ, 16 ಬ್ಯಾಗ್ ಅಂತ ಬರೆದಿಟ್ಟಿದ್ದೇನೆ ಮೇಡಂ.

ಮಾವಿನ ಅಣ್ಣ, ತುಮಕೂರಿಗೂ ಬಾದಾಮಿ ಕಳಿಸುತ್ತೀರಾ?

ಶ್ರೀನಿವಾಸಪುರ_ಮಾವು:
ಮೇ ಬರಲಿ, ಕಳಿಸೋಣ. ಸಾಗಾಣಿಕೆ ಖರ್ಚು ನಿಮ್ಮದೇ.