‘ಮುಟ್ಟಿಸಿಕೊಂಡವನು’: ಇಲ್ಲಿ ‘ಇಸಿಕೊ’ ಏನು ಹೇಳುತ್ತದೆ?

ಎಲ್ಲರಿಗೂ ನಮಸ್ಕಾರ.

ಬಸವನಗುಡಿ ಕಡೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ದ್ವಿತೀಯ ಪಿಯುಸಿಯವರಿಗೆ ಪಿ. ಲಂಕೇಶರ ‘ಮುಟ್ಟಿಸಿಕೊಂಡವನು’ ಕಥೆ ಶುರು ಮಾಡುವ ಮುಂಚೆ, ಹೆಸರು ಕೇಳಿದರೆ ಏನನ್ನಿಸುತ್ತದೆ ಎಂದು ಕೇಳಿದೆ. ಒಬ್ಬ ಹುಡುಗ, “ಮುಟ್ಟಾಟದಲ್ಲಿ ಔಟಾದವನು ಸಾರ್” ಅಂದ. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ಯೋಚಿಸಿದರೆ ಅಷ್ಟೇನೂ ತಪ್ಪಿಲ್ಲ ಅನ್ನಿಸಿತು.

ಕಥೆಯಲ್ಲಿ ಬಸಲಿಂಗ ಎಂಬ ರೈತ ಕಣ್ಣು ತೋರಿಸಲು ಡಾಕ್ಟರ್ ತಿಮ್ಮಪ್ಪನ ಹತ್ತಿರ ಹೋಗುತ್ತಾನೆ. ಡಾಕ್ಟರು ಅಸ್ಪೃಶ್ಯರೆನ್ನುವ ಜಾತಿಯವರು ಎಂದು ಆಮೇಲೆ ಗೊತ್ತಾಗುತ್ತದೆ. ಒದ್ದಾಟ ಅಲ್ಲಿಂದ.

ನನ್ನ ತೊಡಕು ಇರುವುದು ‘ಇಸಿಕೊ’ದಲ್ಲಿ. ಕಟಿಂಗ್ ಮಾಡಿಸಿಕೊಂಡ, ಅಂಗಿ ಹೊಲಿಸಿಕೊಂಡ ಅಂದರೆ ಅವನಿಗೇ ಬೇಕಿತ್ತು. ಬೈಸಿಕೊಂಡ, ನಾಯಿ ಕೈಲಿ ಕಚ್ಚಿಸಿಕೊಂಡ ಅಂದರೆ ಬೇಕಿರಲಿಲ್ಲ. ಆದರೂ ‘ಹೋಗಿ ಹೋಗಿ ಕಚ್ಚಿಸಿಕೊಂಡೆಯಲ್ಲೋ’ ಎಂದಾಗ ತಪ್ಪೆಲ್ಲ ಅವನ ತಲೆಗೇ ಬರುತ್ತದೆ, ಅಲ್ವಾ? ಬಸಲಿಂಗ ಮುಟ್ಟಿಸಿಕೊಂಡಿದ್ದು ಮೊದಲು ಕಟಿಂಗ್ ಥರ. ಜಾತಿ ತಿಳಿದ ಮೇಲೆ ನಾಯಿ ಕಚ್ಚಿದ ಥರ. ಕೈ ಅದೇ, ಕಣ್ಣು ಅದೇ. ‘ಮುಟ್ಟಲ್ಪಟ್ಟವನು’ ಅಂದಿದ್ದರೆ ಇದೆಲ್ಲ ಸತ್ತೇ ಹೋಗುತ್ತಿತ್ತು.

ಗೈಡುಗಳಲ್ಲಿ ‘ಅಸ್ಪೃಶ್ಯತೆಯನ್ನು ಖಂಡಿಸುವ ಕಥೆ’ ಎಂಬ ಥರದ ಒಂದು ಸಾಲು ಇದ್ದೇ ಇರುತ್ತದೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ನಂಬರೂ ಬರುತ್ತದೆ. ಅಂದು ಸುಮ್ನೆ ಬೋರ್ಡಿನ ಮೇಲೆ ‘ಬೇಕಾಗಿ’, ‘ಬೇಡದೆ’ ಎಂದು ಎರಡು ಪಟ್ಟಿ ಬರೆದು, ‘ಮುಟ್ಟಿಸಿಕೊಂಡ’ವನ್ನು ಯಾವ ಕಡೆ ಹಾಕೋಣ ಎಂದೆ. ಇಡೀ ಪೀರಿಯಡ್ ಜಗಳ. ತುಮಕೂರು ಕಡೆಯ ಒಬ್ಬ ಹುಡುಗಿ ಹೇಳಿದಳು: “ನಮ್ಮಜ್ಜಿ ಮಡಿಯಲ್ಲಿದ್ದಾಗ ನಾನು ತಾಗಿದರೆ ‘ಅಯ್ಯೋ ಮುಟ್ಟಿಸಿಕೊಂಡುಬಿಟ್ನಲ್ಲ’ ಅಂತಾರೆ ಸಾರ್. ಆದರೆ ಬೈಸಿಕೊಳ್ಳೋಳು ನಾನು.” ಆಮೇಲೆ ನಾನು ವಿವರಿಸುವುದು ಜಾಸ್ತಿ ಉಳಿಯಲಿಲ್ಲ.

ಈಗ ನಿಮ್ಮನ್ನು ಕೇಳಬೇಕಿರುವುದು ಇದು. ಮಡಿ-ಮೈಲಿಗೆಯ ಅರ್ಥದಲ್ಲಿ ‘ಮುಟ್ಟಿಸಿಕೊ’ ನಿಮ್ಮ ಕಡೆ ಮನೆಮಾತಿನಲ್ಲಿ ಇದೆಯಾ? ಧಾರವಾಡ, ಮಂಗಳೂರು ಕಡೆಯವರು ಮುಖ್ಯವಾಗಿ ಹೇಳಿ. ಆ ಅಜ್ಜಿಯ ಹಾಗೆ ತಾಗಿಸಿಕೊಂಡವರು ತಮ್ಮ ಬಗ್ಗೆಯೇ ಹೇಳಿಕೊಳ್ಳುತ್ತಾರಾ, ಇಲ್ಲ ಬೇರೆಯವರನ್ನು ‘ಯಾರನ್ನ ಮುಟ್ಟಿಸಿಕೊಂಡು ಬಂದೆ’ ಎಂದು ಗದರಿಸುವಾಗಲೂ ಬರುತ್ತದಾ? ಇನ್ನೊಂದು: ಬೇಕಾಗಿ ಮಾಡಿಸಿಕೊಳ್ಳುವುದಕ್ಕೂ ಬೇಡದೆ ಮಾಡಿಸಿಕೊಳ್ಳುವುದಕ್ಕೂ ವ್ಯಾಕರಣದಲ್ಲಿ ಬೇರೆ ಬೇರೆ ಹೆಸರಿದ್ದರೆ ತಿಳಿಸಿ. ಎರಡನ್ನೂ ‘ಪ್ರೇರಣಾರ್ಥಕ’ (ಇನ್ನೊಬ್ಬರಿಂದ ಮಾಡಿಸುವ ಅರ್ಥದ ಕ್ರಿಯಾಪದ) ಎಂದು ಬರೆಸಿ ಮುಗಿಸಲು ನನಗಂತೂ ಮನಸ್ಸಿಲ್ಲ.