6,000 ಮತದಾರರಿರುವ ವಾರ್ಡಿನಲ್ಲಿ ಎಷ್ಟು ಜನರನ್ನು, ಹೇಗೆ ಕೇಳಬೇಕು?

ಪ್ರಶ್ನೆ (ಆಸಕ್ತ ಮತದಾರ):
ಎಲ್ಲರಿಗೂ ನಮಸ್ಕಾರ. ಸ್ಥಳೀಯ ಚುನಾವಣೆಗೆ ಮುನ್ನ ವಾರ್ಡಿನ ಜನರ ಒಲವು ಯಾವ ಕಡೆಗಿದೆ, ಯಾವ ಸಮಸ್ಯೆ ಅವರಿಗೆ ಮುಖ್ಯವಾಗಿದೆ ಎಂದು ತಿಳಿಯಲು ನಾವು ಕೆಲವರು, ಯಾವ ಪಕ್ಷದ ಹಂಗೂ ಇಲ್ಲದೆ, ಒಂದು ಸಮೀಕ್ಷೆ ನಡೆಸಬೇಕೆಂದಿದ್ದೇವೆ. ಮತದಾರರ ಪಟ್ಟಿಯಲ್ಲಿ ಸುಮಾರು 6,000 ಹೆಸರುಗಳಿವೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪ್ರಶ್ನಾವಳಿ ಹಂಚಿದರೆ ಎರಡು ಸಾವಿರ ಉತ್ತರಗಳಾದರೂ ಬರುತ್ತವೆ ಎಂದು ಗೆಳೆಯರು ಹೇಳುತ್ತಾರೆ. ಮನೆಮನೆಗೆ ಹೋದರೆ 400 ಜನರನ್ನು ಮಾತನಾಡಿಸುವುದೇ ಕಷ್ಟ. ಯಾವುದನ್ನು ನಂಬಬಹುದು? ಜನ ನಿಜ ಹೇಳುತ್ತಾರೆಯೇ ಎಂಬ ಅನುಮಾನವೂ ಇದೆ.

ಉತ್ತರ 1 (ಅಂಕಿಸಂಖ್ಯೆಯ ಮೇಷ್ಟ್ರು):
400 ಜನರ ಸಮೀಕ್ಷೆಯನ್ನೇ ಮಾಡಿ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮಾದರಿ ಮತಪತ್ರ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳಲ್ಲಿ. ಪತ್ರಿಕೆಯ ವಿಳಾಸಗಳು ಬಹುಮಟ್ಟಿಗೆ ದೂರವಾಣಿ ಮತ್ತು ಕಾರು ಉಳ್ಳವರ ಪಟ್ಟಿಗಳಿಂದ ಬಂದಿದ್ದವು. ಜೊತೆಗೆ, ಉತ್ತರ ಕಳುಹಿಸಿದವರ ಒಲವು ಸುಮ್ಮನಿದ್ದವರ ಒಲವಿಗಿಂತ ಬೇರೆಯಾಗಿತ್ತು. ನಿಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೂ ಇದೇ ದೋಷ ತಗಲುತ್ತದೆ, ಏಕೆಂದರೆ ರಾಜಕೀಯದಲ್ಲಿ ಉತ್ಸಾಹವಿರುವವರೇ ಮೊದಲು ಉತ್ತರಿಸುತ್ತಾರೆ, ಅವರೇ ತಮ್ಮ ಕಡೆಯವರಿಗೂ ಕೊಂಡಿ ಕಳುಹಿಸುತ್ತಾರೆ.

ವಿಧಾನ ಸರಳವಾಗಿದೆ. 6,000ವನ್ನು 400ರಿಂದ ಭಾಗಿಸಿದರೆ 15. ಒಂದರಿಂದ 15ರೊಳಗಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿ ಆರಿಸಿ. ಏಳು ಬಂದರೆ ಪಟ್ಟಿಯ 7, 22, 37ನೆಯ ಹೆಸರು, ಹೀಗೆ ಕೊನೆಯವರೆಗೂ ಹೋಗಿ. ಆಗ ಶೇಕಡಾವಾರು ಲೆಕ್ಕದಲ್ಲಿ ಸುಮಾರು 5 ಅಂಶಗಳಷ್ಟು ಹೆಚ್ಚುಕಡಿಮೆಯಾಗಬಹುದು. ಅದನ್ನು ಅರ್ಧಕ್ಕಿಳಿಸಬೇಕೆಂದರೆ ದೊಡ್ಡ ಕ್ಷೇತ್ರದಲ್ಲಿ ನಾಲ್ಕು ಪಟ್ಟು ಜನರನ್ನು ಕೇಳಬೇಕಾಗುತ್ತದೆ. ನಿಮ್ಮಂಥ ಚಿಕ್ಕ ವಾರ್ಡಿನಲ್ಲಿ ಸ್ವಲ್ಪ ಕಡಿಮೆ ಸಾಕು, ಆದರೂ ಆ ಶ್ರಮ ನಿಮಗೆ ಬೇಡ.

ಉತ್ತರ 2 (ಕ್ಷೇತ್ರಕಾರ್ಯ ಮಾಡುವವಳು):
ಮೇಷ್ಟ್ರು ಹೇಳಿದ್ದು ಸರಿ, ಆದರೆ ಕಷ್ಟವೆಲ್ಲ ಬಾಗಿಲು ತಟ್ಟಿದ ಮೇಲೆ ಶುರುವಾಗುತ್ತದೆ. ಪಟ್ಟಿಯಲ್ಲಿರುವುದು ಸೊಸೆಯ ಹೆಸರು, ಉತ್ತರ ಹೇಳಲು ಮುಂದೆ ಬರುವವರು ಮಾವ. "ನಮ್ಮ ಮನೆಯ ಮತವೆಲ್ಲ ಒಂದೇ" ಎಂದು ಅವರು ಹೇಳಿದರೆ ಅದನ್ನು ಬರೆದುಕೊಳ್ಳದೆ, ಸೊಸೆಯೊಂದಿಗೇ ಮಾತನಾಡಬೇಕೆಂದು ವಿನಯದಿಂದ ಕೇಳಿ. ಇದಕ್ಕೆ ತಂಡದಲ್ಲಿ ಮಹಿಳೆಯರಿರಲೇಬೇಕು.

ನಿಜ ಹೇಳುತ್ತಾರೆಯೇ ಎಂಬುದಕ್ಕೆ: ಯಾರಿಗೆ ಮತ ಹಾಕುತ್ತೀರಿ ಎಂದು ಬಾಯಿಬಿಟ್ಟು ಕೇಳಬೇಡಿ. ಅಭ್ಯರ್ಥಿಗಳ ಹೆಸರು, ಚಿಹ್ನೆಗಳಿರುವ ಚೀಟಿ ಕೊಟ್ಟು, ಗುರುತು ಹಾಕಿ ಮಡಚಿ ಮುಚ್ಚಿದ ಪೆಟ್ಟಿಗೆಗೆ ಹಾಕಲು ಹೇಳಿ, ಆ ಹೊತ್ತಿನಲ್ಲಿ ನೀವು ಬೇರೆ ಕಡೆ ನೋಡಿ. ಚೀಟಿಯ ಮೇಲೆ ಹೆಸರಾಗಲಿ ಮನೆ ಸಂಖ್ಯೆಯಾಗಲಿ ಇರಬಾರದು. ಈ ಚೀಟಿಯನ್ನು ಸಮಸ್ಯೆಗಳ ಪ್ರಶ್ನೆಗಿಂತ ಮೊದಲೇ ಕೊಡಿ. ನೀರು, ಚರಂಡಿ ಎಂದು ಹತ್ತು ನಿಮಿಷ ದೂರು ಹೇಳಿಸಿಕೊಂಡ ಮೇಲೆ ಕೇಳಿದರೆ, ಅಧಿಕಾರದಲ್ಲಿರುವವರ ಮೇಲಿನ ಸಿಟ್ಟು ಉತ್ತರದಲ್ಲಿ ಸೇರಿಕೊಳ್ಳುತ್ತದೆ.

ಆಸಕ್ತ ಮತದಾರ:
ಇಬ್ಬರಿಗೂ ಧನ್ಯವಾದಗಳು. ಆರಿಸಿದವರು ಮನೆಯಲ್ಲಿಲ್ಲದಿದ್ದರೆ ಪಕ್ಕದ ಮನೆಯವರನ್ನು ಕೇಳಬಹುದೇ?

ಉತ್ತರ 2:
ಬೇಡ. ಹಗಲಿನಲ್ಲಿ ಸಿಗದವರು ಹೆಚ್ಚಾಗಿ ದುಡಿಯಲು ಹೋದವರು, ಅವರ ಬದಲು ಮನೆಯಲ್ಲಿರುವ ನೆರೆಯವರನ್ನು ಸೇರಿಸಿದರೆ ಒಂದು ವರ್ಗವೇ ಲೆಕ್ಕದಿಂದ ಜಾರಿಹೋಗುತ್ತದೆ. ಸಂಜೆ ಅಥವಾ ಭಾನುವಾರ ಮತ್ತೆ ಹೋಗಿ. ಆಗಲೂ ಸಿಗದಿದ್ದರೆ "ಸಿಗಲಿಲ್ಲ" ಎಂದೇ ದಾಖಲಿಸಿ.

ಉತ್ತರ 3 (ಹಳೆಯ ವರದಿಗಾರ):
ಫಲಿತಾಂಶ ಬರೆಯುವಾಗ ಒಂದು ಎಚ್ಚರಿಕೆ. ಒಬ್ಬರಿಗೆ ಶೇ. 52, ಇನ್ನೊಬ್ಬರಿಗೆ ಶೇ. 48 ಬಂದರೆ "ಮುನ್ನಡೆ" ಎಂದು ಬರೆಯಬೇಡಿ. ಇಬ್ಬರ ನಡುವಿನ ಅಂತರದಲ್ಲಿ ಆಗಬಹುದಾದ ಹೆಚ್ಚುಕಡಿಮೆ, ಮೇಷ್ಟ್ರು ಹೇಳಿದ 5 ಅಂಶಗಳ ಸುಮಾರು ಎರಡು ಪಟ್ಟು. "ಇನ್ನೂ ತೀರ್ಮಾನಿಸಿಲ್ಲ" ಎಂದವರನ್ನು ಪಕ್ಷಗಳಿಗೆ ಹಂಚದೆ ಪ್ರತ್ಯೇಕವಾಗಿ ತೋರಿಸಿ, ಎಷ್ಟು ಜನ ಸಿಗಲಿಲ್ಲ, ಎಷ್ಟು ಜನ ನಿರಾಕರಿಸಿದರು ಎಂಬುದನ್ನೂ ಅದೇ ಪುಟದಲ್ಲಿ ಕೊಡಿ. ಮತದಾನಕ್ಕೆ ಮುನ್ನ ಪ್ರಕಟಿಸುವ ಯೋಚನೆಯಿದ್ದರೆ, ಅದಕ್ಕೆ ನಿರ್ಬಂಧವಿದೆಯೇ ಎಂದು ಚುನಾವಣಾಧಿಕಾರಿಗಳ ಕಚೇರಿಯಲ್ಲಿ ಈಗಲೇ ಲಿಖಿತವಾಗಿ ವಿಚಾರಿಸಿಕೊಳ್ಳಿ.